ಭಟ್ಟರು ದಾರಿ ತಪ್ಪಿದ ಮಧ್ಯಾಹ್ನ

ನಾಸಿಕ್‌ನ ರಾಮಕುಂಡದ ಕೆಳಗೆ ನದಿಯಲ್ಲಿ ದೋಣಿ ನಿಲ್ಲುವ ಕಟ್ಟೆಯ ಹತ್ತಿರ ರಿಕ್ಷಾದವನು ನಮ್ಮನ್ನು ಇಳಿಸಿದ. ಮುಂದೆ ಬರುವುದಿಲ್ಲ ಎಂದ. ಬರುತ್ತೇನೆ ಎಂದಿದ್ದರೂ ಭಟ್ಟರು ಒಪ್ಪುತ್ತಿರಲಿಲ್ಲ. ಹಳೇ ನಾಸಿಕ್‌ನ ದಾರಿ ಅವರಿಗೆ ಈ ಕಟ್ಟೆಯಿಂದ ಮಾತ್ರ ಗೊತ್ತು. ನಲವತ್ತು ವರ್ಷದ ಹಿಂದೆ ಊರಿಂದ ಬಂದಾಗ ಇಲ್ಲೇ ಹತ್ತಿರದ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಆ ಹೋಟೆಲ್ ಈಗಿಲ್ಲ.

ನನ್ನ ಹೆಗಲ ಮೇಲೆ ಹಿತ್ತಾಳೆಯ ಕೊಪ್ಪರಿಗೆ ಇತ್ತು. ನಲವತ್ತು ಲೀಟರಿನದು, ಎರಡು ಹಿಡಿಕೆ. ಕಟ್ಟೆಗೆ ಕಟ್ಟಿದ ಪೆಡಲ್ ದೋಣಿಗಳ ಪಕ್ಕ ಕೂತಿದ್ದ ದೋಣಿಯವನು ಅದನ್ನು ನೋಡಿ ನಕ್ಕ.

"ಅದರಲ್ಲೇ ಕೂತು ದಾಟು ಭಾವೂ, ಟಿಕೀಟು ಬೇಡ" ಎಂದು ಮರಾಠಿಯಲ್ಲಿ ಕೂಗಿದ.

ನಾನು ಸಾತಪುರದ ಒಂದು ಉಡುಪಿ ಹೋಟೆಲಿನಲ್ಲಿ ರುಬ್ಬುವ ಕೆಲಸ ಮಾಡುತ್ತೇನೆ. ಪಾತ್ರೆ ತಿಕ್ಕುವುದೂ ನನ್ನದೇ. ಊರು ವಿಜಯಪುರದ ಕಡೆ. ಏಳನೇ ಇಯತ್ತೆ ಮುಗಿಸಿ ಶಾಲೆ ಬಿಟ್ಟೆ. ಇಲ್ಲಿಗೆ ಬಂದು ಆರು ವರ್ಷ. ಭಟ್ಟರು ಅಲ್ಲಿ ದೊಡ್ಡ ಅಡುಗೆಯವರು. ಅರವತ್ತು ದಾಟಿದೆ. ಹೋಟೆಲ್ ಶುರುವಾದ ದಿನದಿಂದ ಒಲೆ ಅವರದು, ಮೇಲಿನ ಮಾಳಿಗೆಯ ಕೋಣೆಯೂ ಅವರದು.

ಅವತ್ತು ನಾವು ಆ ಕೊಪ್ಪರಿಗೆಗೆ ಕಲಾಯಿ ಹಾಕಿಸಲು ಬಂದಿದ್ದೆವು. ತಪ್ಪು ನನ್ನದು. ಗಣಪತಿ ಹಬ್ಬಕ್ಕೆ ಎಲ್ಲ ಪಾತ್ರೆ ಥಳಥಳ ಹೊಳೆಯಬೇಕು ಎಂದು ಮಾಲಕರು ಹೇಳಿದ್ದರು. ಕೊಪ್ಪರಿಗೆಯ ಒಳಗೆ ಬೂದು ಬಣ್ಣ ಇತ್ತು. ನಾನದನ್ನು ಕೊಳೆ ಅಂದುಕೊಂಡೆ. ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಮೂರು ದಿನ ತಿಕ್ಕಿದೆ. ಒಳಗೂ ಬಂಗಾರದ ಹಾಗೆ ಆಯಿತು. ಆ ಬೂದು ಬಣ್ಣವೇ ತವರದ ಕಲಾಯಿ, ಹುಳಿ ಹಿತ್ತಾಳೆಗೆ ತಾಗದ ಹಾಗೆ ಕಾಯುವುದು ಅದೇ ಎಂದು ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲ ಸ್ಟೀಲು.

ಮರುದಿನ ಅದರಲ್ಲಿ ಸಾರು ಮಾಡಿದರು. ನಸುಕಿನಲ್ಲೇ ಬೇಳೆಕಟ್ಟು ತುಂಬಿ ಇಟ್ಟಿದ್ದರಿಂದ ಒಳಮೈ ಯಾರ ಕಣ್ಣಿಗೂ ಬೀಳಲಿಲ್ಲ. ಕಿಲುಬು ಬಿಟ್ಟುಕೊಂಡಿತು. ಮೊದಲ ಪಂಕ್ತಿಗೆ ಕೂತ ಕಾರ್ಖಾನೆಯವರು ಉಗುಳಿದರು. ಒಬ್ಬ ಹೊರಗೆ ಹೋಗಿ ವಾಂತಿ ಮಾಡಿದ. ಮಾಲಕರು ಎಲ್ಲರೆದುರು ನನ್ನನ್ನು ಕತ್ತೆ ಅಂದರು, ಇನ್ನೂ ಏನೇನೋ ಅಂದರು. ಅನ್ನಲಿ. ತಿಕ್ಕಿದವನು ನಾನೇ.

ಆದರೆ ಆಮೇಲೆ ಅವರು ಭಟ್ಟರ ಕಡೆ ತಿರುಗಿದರು.

"ಇವನಿಗೆ ಗೊತ್ತಿಲ್ಲ, ಸರಿ. ನಿಮ್ಮ ಮೂಗಿಗೆ ಎಂತ ಆಗಿತ್ತು ಭಟ್ರೇ?"

ಈ ಮಾತು ಯಾಕೆ ಬಂತೆಂದರೆ ನಮ್ಮ ಅಡುಗೆಮನೆಯಲ್ಲಿ ಒಂದು ಪದ್ಧತಿ ಇದೆ. ದೇವರ ಫೋಟೋದ ಮುಂದೆ ನೈವೇದ್ಯ ಆಗುವವರೆಗೆ ಯಾವುದನ್ನೂ ಬಾಯಿಗೆ ಹಾಕುವ ಹಾಗಿಲ್ಲ. ಭಟ್ಟರಂತೂ ಆಮೇಲೂ ರುಚಿ ನೋಡುವವರಲ್ಲ. ಉಪ್ಪು ಕೈ ಅಳತೆ. ಉಳಿದದ್ದೆಲ್ಲ ಮೂಗು. ಕುದಿಯುವ ಸಾರಿನ ಮೇಲೆ ಕೈಯಾಡಿಸಿ ಹಬೆಯನ್ನು ಮೂಗಿಗೆ ಎಳೆದುಕೊಂಡು "ಹಾಂ" ಅಂದರೆ ಇಳಿಸಬೇಕು. ಆ ಕಿಲುಬು ಸಾರಿನ ಮೇಲೂ ಹಾಗೇ ಕೈಯಾಡಿಸಿದ್ದರು, "ಹಾಂ" ಅಂದಿದ್ದರು.

"ಶೀತ ಆಗಿತ್ತು" ಎಂದರು ಭಟ್ಟರು.

"ನಾಳೆ ಕಲಾಯಿ ಹಾಕಿಸಿ ತನ್ನಿ. ನಾಡಿದ್ದು ನಾನೇ ಒಲೆ ಹತ್ರ ನಿಲ್ತೇನೆ. ನೋಡುವ. ಆಗದಿದ್ರೆ ಸಾಕು ಭಟ್ರೇ, ಊರಿಗೆ ಹೋಗಿ ಆರಾಮ ಮಾಡಿ. ಕುಂದಾಪುರದಿಂದ ಒಬ್ಬ ಹುಡುಗನನ್ನು ಕಳಿಸ್ತೇನೆ ಅಂತ ಭಾವ ಹೇಳ್ತಾ ಇದ್ದಾನೆ."

ಹೀಗಾಗಿ ನಾವು ಮಧ್ಯಾಹ್ನದ ಊಟದ ಗದ್ದಲ ಮುಗಿಸಿ ಹೊರಟಿದ್ದೆವು.

ಕಟ್ಟೆಯಿಂದ ನದಿಯ ಮೇಲಿನ ತಗ್ಗು ಸೇತುವೆ ದಾಟಿ ಆ ದಂಡೆಗೆ ಹೋದೆವು. ಅಲ್ಲಿಂದ ಮೆಟ್ಟಿಲು ಹತ್ತಬೇಕು. ಮೆಟ್ಟಿಲ ಮೇಲೆಲ್ಲ ಒದ್ದೆ ಬಟ್ಟೆ, ಮೆಂತೆಪಲ್ಲೆ ಸೊಪ್ಪಿನ ಕಟ್ಟು, ಪೂಜೆಯ ತಟ್ಟೆ. ಕೊಪ್ಪರಿಗೆ ಹೆಗಲಿಗೆ ಒತ್ತುತ್ತಿತ್ತು. ಬೋರಲು ಮಾಡಿ ತಲೆಯ ಮೇಲೆ ಇಟ್ಟುಕೊಂಡೆ.

"ಓ ಭಾವೂ, ಹೆಲ್ಮೆಟ್ ಮೋಠಂ ಝಾಲಂ!" ಎಂದು ಬೈಕಿನವನೊಬ್ಬ ಕೂಗಿದ. ಹೆಲ್ಮೆಟ್ಟು ದೊಡ್ಡದಾಯ್ತಲ್ಲ ಅಂತ. ಗಲ್ಲಿಯಲ್ಲಿದ್ದವರೆಲ್ಲ ನಕ್ಕರು. ಭಟ್ಟರೂ ನಕ್ಕರು. ಅವತ್ತು ಅವರು ನಕ್ಕದ್ದು ಅದೇ ಮೊದಲು.

"ದಾರಿ ಸುಲಭ ಉಂಟು ಮಾರಾಯ" ಎಂದರು. "ಹೂವಿನ ಬಾಜಾರು ದಾಟಿದ್ರೆ ಊದುಬತ್ತಿ ಅಂಗಡಿ. ಅಲ್ಲಿ ಎಡಕ್ಕೆ. ಆಮೇಲೆ ಹೊಗೆಸೊಪ್ಪಿನ ಅಂಗಡಿ, ಅಲ್ಲಿ ಮೇಲೆ ಹತ್ಬೇಕು. ಇದ್ದಿಲಿನ ಹೊಗೆ ಬಂತು ಅಂದ್ರೆ ಕಲಾಯಿ ಗಲ್ಲಿ ಬಂತು. ಕಣ್ಣು ಕಟ್ಟಿ ಬಿಟ್ರೂ ಹೋಗ್ತೇನೆ."

ಹೂವಿನ ಬಾಜಾರು ಸಿಕ್ಕಿತು. ಚೆಂಡು ಹೂವಿನ ರಾಶಿ ಕಣ್ಣಿಗೇ ಕಾಣುತ್ತದೆ. ಆಮೇಲೆ ಬೆಳ್ಳಿ ಬಂಗಾರದ ಅಂಗಡಿಗಳು. ಆಮೇಲೆ ಗಲ್ಲಿ ಸಣ್ಣದಾಯಿತು. ಎರಡೂ ಕಡೆ ವಾಡೆಗಳು, ಹಳೇ ಕಾಲದ ದೊಡ್ಡ ಮನೆಗಳು, ಕಟ್ಟಿಗೆಯ ಮಾಳಿಗೆ ಗಲ್ಲಿಯ ಮೇಲೆ ಬಾಗಿವೆ. ಒಂದಕ್ಕೆ ಬೀಳಬಾರದೆಂದು ಬಿದಿರಿನ ಗಳ ಆನಿಸಿದ್ದರು. ಮೇಲಿನ ಖಿಡಕಿಯಿಂದ ಒಬ್ಬ ಮುದುಕಿ ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಸಿದಳು. ಕೆಳಗಿನವನು ಅದರಲ್ಲಿ ಎರಡು ನಿಂಬೆಹಣ್ಣು ಹಾಕಿದ. ಬುಟ್ಟಿ ನನ್ನ ಕೊಪ್ಪರಿಗೆಗೆ ಬಡಿದು ಠಣ್ ಎಂದಿತು. ಮುದುಕಿ ನನ್ನನ್ನೇ ಬೈದಳು.

ಭಟ್ಟರು ಮುಂದೆ ಮುಂದೆ ನಡೆದರು. ಬಲಕ್ಕೆ ಹೊರಳಿದರು. ಮತ್ತೆ ಬಲಕ್ಕೆ. ಸ್ವಲ್ಪ ಹೊತ್ತಿಗೆ ಅದೇ ಬಿದಿರು ಆನಿಸಿದ ವಾಡೆ ಬಂತು.

"ಯಾರಿಗರ ಕೇಳೂಣೇನ್ರಿ?" ಎಂದೆ.

"ಬೇಡ. ನಂಗೆ ಗೊತ್ತುಂಟು."

ಇನ್ನೊಂದು ಸುತ್ತು. ಮತ್ತೆ ಅದೇ ವಾಡೆ. ನನ್ನ ಕುತ್ತಿಗೆ ಹೋಗಿತ್ತು. ನಾಲ್ಕೂವರೆಗೆ ಹೋಟೆಲಿನಲ್ಲಿ ಇರಬೇಕು, ಇಡ್ಲಿ ಹಿಟ್ಟು ನನ್ನದು. ಮೂರನೇ ಸಲ ಒಂದು ಮೊಬೈಲ್ ಕವರ್ ಅಂಗಡಿಯ ಮುಂದೆ ನಾನು ನಿಂತುಬಿಟ್ಟೆ.

"ಭಟ್ಟರ, ನಿಲ್ರಿ. ಊದಿನಕಡ್ಡಿ ಅಂಗಡಿ ಇಲ್ಲೇ ಐತಲ್ರಿ."

"ಎಲ್ಲಿ? ಇದು ಮೊಬೈಲಿಂದು."

"ಮುಂದ ಮೊಬೈಲ್ರಿ. ಹಿಂದ ಅದ ಐತಿ. ತಲಿ ಸಿಡಿಯೂವಂಗ ವಾಸನಿ ಬರಾಕತ್ತೈತಿ. ಮೂರು ಸಲ ಇದರ ಮುಂದ ಹಾದು ಹೋದ್ವಿ. ನಿಮಗ ಬರವಲ್ದೇನ್ರಿ?"

ಭಟ್ಟರು ಒಳಗೆ ಇಣುಕಿದರು. ಕವರುಗಳ ಹಿಂದೆ ಕಪಾಟಿನ ತುಂಬ ಊದುಬತ್ತಿಯ ಕಟ್ಟುಗಳು. ಅವರು ಮೂಗನ್ನು ಪಂಚೆಯ ತುದಿಯಿಂದ ಒರೆಸಿಕೊಂಡರು.

"ಶೀತ ಮಾರಾಯ, ಇನ್ನೂ ಹೋಗಿಲ್ಲ."

ಎರಡು ದಿನದಲ್ಲಿ ಅವರು ಒಂದು ಸಲವೂ ಸೀನಿದ್ದನ್ನು ನಾನು ನೋಡಿರಲಿಲ್ಲ. ಎಡಕ್ಕೆ ಹೊರಳಿದೆವು. ಏರು ದಾರಿ. ಅವರಿಗೆ ಮೊಣಕಾಲು ನೋವು. ಒಂದು ಬೀಗ ಹಾಕಿದ ವಾಡೆಯ ಕಲ್ಲುಕಟ್ಟೆ ನೋಡಿ ಕೂತರು.

"ನೀನೂ ಕೂತ್ಕೋ. ಇಲ್ಲಿ ಗಾಳಿ ಚೆನ್ನಾಗುಂಟು."

ನಾನು ಕೂರಲಿಲ್ಲ. ಕಟ್ಟೆಯ ಕೆಳಗೆ ಗಟಾರಿನಲ್ಲಿ ಇಲಿ ಸತ್ತು ಬಿದ್ದಿತ್ತು. ಎರಡು ದಿನದ್ದಿರಬೇಕು. ಎದುರು ಬಂದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡಿದಳು. ಭಟ್ಟರು ಜೇಬಿನಿಂದ ಬಾಳೆಹಣ್ಣು ತೆಗೆದು ಸುಲಿದು ತಿನ್ನಲು ಶುರು ಮಾಡಿದರು. ನಿಧಾನ, ಆರಾಮಾಗಿ.

ಕೊಪ್ಪರಿಗೆಯನ್ನು ನೆಲಕ್ಕೆ ಇಟ್ಟೆ.

"ಭಟ್ಟರ, ಖರೇ ಹೇಳ್ರಿ. ನಿಮಗ ವಾಸನಿ ಬರಂಗಿಲ್ಲ. ಹೌದಿಲ್ರಿ?"

ಅವರು ಬಾಳೆಹಣ್ಣು ಬಾಯಲ್ಲಿಟ್ಟುಕೊಂಡೇ ನನ್ನನ್ನು ನೋಡಿದರು. ನುಂಗಿದರು.

"ಯಾರು ಹೇಳಿದ್ರು?"

"ನಿಮ್ಮ ಕಾಲಾಗ ಇಲಿ ಸತ್ತು ಬಿದ್ದೈತ್ರಿ."

ಅವರು ಬಗ್ಗಿ ನೋಡಿ ತಟ್ಟನೆ ಎದ್ದರು. ಉಳಿದ ಹಣ್ಣನ್ನು ಎಸೆದರು. ಆಚೆ ಕಡೆಯ ಗೋಡೆಗೆ ಹೋಗಿ ಒರಗಿ ನಿಂತರು.

"ಆ ದೊಡ್ಡ ಜ್ವರ ಬಂತಲ್ಲ, ಎಲ್ಲ ಬಂದ್ ಆಗಿತ್ತು, ಆಗ ಹೋಯ್ತು" ಎಂದರು. "ಎಲ್ಲರಿಗೂ ಹದಿನೈದು ದಿನದಲ್ಲಿ ವಾಪಸ್ ಬಂತು. ನಂಗೆ ಬರ್ಲೇ ಇಲ್ಲ. ನಾಲಿಗೆಯೂ ಅರ್ಧ ಹೋಗಿದೆ. ಉಪ್ಪು, ಖಾರ ಮಾತ್ರ ಗೊತ್ತಾಗ್ತದೆ."

"ಹಂಗಾರ ಇಷ್ಟು ವರ್ಷ ಅಡಗಿ ಹೆಂಗ ಮಾಡಿದ್ರಿ?"

"ಕಿವಿ ಉಂಟಲ್ಲ. ಸಾಸಿವೆ ಸಿಡಿದು ನಿಂತ್ರೆ ಇಂಗು ಹಾಕ್ಬೇಕು. ಟೊಮೆಟೊ ಬೆಂದ್ರೆ ಕುದಿಯುವ ಸದ್ದೇ ಬೇರೆ ಆಗ್ತದೆ. ನೊರೆ ಅಂಚಿಗೆ ಬಂದ್ರೆ ಕೊತ್ತಂಬರಿ. ಪುಡಿ ಕೈಯಳತೆ. ಯಾರಿಗೂ ಗೊತ್ತಾಗ್ಲಿಲ್ಲ."

"ದಿನಾ ಹಬಿ ಮೂಗಿಗೆ ಎಳಕೋತೀರಲ್ರಿ?"

"ಅದು ನಿಮಗೆಲ್ಲ ತೋರಿಸ್ಲಿಕ್ಕೆ."

ನನಗೆ ಸಿಟ್ಟು ಬಂತು. ಎಲ್ಲರೆದುರು ಬೈಸಿಕೊಂಡವನು ನಾನು. ಕಿಲುಬು ಇವರ ಮೂಗಿನ ಕೆಳಗೇ ಕುದಿದಿತ್ತು. ಅದನ್ನು ಹಾಗೇ ಹೇಳಿದೆ.

"ಒಬ್ಬಾಂವ ವಾಂತಿ ಮಾಡ್ಯಾನ್ರಿ. ದೊಡ್ಡದೇನರ ಆಗಿದ್ರ?"

"ಗೊತ್ತುಂಟು. ನಿನ್ನೆ ರಾತ್ರಿ ಇಡೀ ಅದೇ ಕಾಣ್ತಿತ್ತು" ಎಂದರು. "ತಿಕ್ಕಿದ್ದು ನಿನ್ನ ತಪ್ಪು. ಬಡಿಸಿದ್ದು ನಂದು. ಆದ್ರೆ ಹೇಳಿದ್ರೆ ನಾನು ಎಲ್ಲಿಗೆ ಹೋಗುದು ಹೇಳು? ಊರಲ್ಲಿ ತಮ್ಮನ ಮನೆ. ಎಂಟು ದಿನ ಇದ್ರೆ ನೆಂಟ. ಒಂಬತ್ತನೇ ದಿನ ಅವನ ಹೆಂಡತಿ ಬಸ್ಸಿನ ಟೈಮು ಕೇಳ್ತಾಳೆ. ಇಲ್ಲಿ ಒಲೆ ಉಂಟು. ಒಲೆ ಬಿಟ್ರೆ ನಾನು ಎಂತ?"

ಕೊಪ್ಪರಿಗೆಯನ್ನು ಮತ್ತೆ ತಲೆಗೇರಿಸಿಕೊಂಡೆ.

"ನಡೀರಿ. ಮುಂದ ಯಾವ ವಾಸನಿ ಬರಬೇಕ್ರಿ?"

ಅವರು ನನ್ನ ಮುಖ ನೋಡಿದರು. ಆಮೇಲೆ ಹೇಳಿದರು, "ಹೊಗೆಸೊಪ್ಪು."

ಈಗ ನಾನು ಮುಂದೆ, ಅವರು ಹಿಂದೆ. ಹೊಗೆಸೊಪ್ಪಿನ ವಾಸನೆ ಎಲ್ಲೂ ಬರಲಿಲ್ಲ. ಪಾವ್ ಸುಡುವ ವಾಸನೆ ಬಂತು. ಹಾಗೆಂದು ಹೇಳಿದೆ. ಆಗ ಬೇಕರಿ ಇರಲಿಲ್ಲ ಎಂದರು. ಚಿವಡಾ ಹುರಿಯುವ ಬೆಳ್ಳುಳ್ಳಿ ವಾಸನೆ ಬಂತು.

"ಬೆಳ್ಳುಳ್ಳಿಯಾ? ಕೆಂಪಗೆ ಹುರಿದದ್ದಾ, ಹಸಿಯಾ?"

"ಕೆಂಪಗಾಗೈತ್ರಿ. ಇನ್ನೊಂದು ಗಳಗಿ ಬಿಟ್ರ ಹೊತ್ತತೈತಿ."

"ಅದು ಇತ್ತು! ಹೊಗೆಸೊಪ್ಪಿನವನ ಎದುರೇ ಇತ್ತು. ಮೇಲೆ ಹತ್ತು."

ಹೊಗೆಸೊಪ್ಪಿನ ಅಂಗಡಿಯ ಜಾಗದಲ್ಲಿ ಈಗ ಎರಡು ಬೈಕ್ ನಿಂತಿದ್ದವು, ಅಷ್ಟೇ. ಹತ್ತಿದೆವು. ಕತ್ತೆಯೊಂದು ಮರಳು ಹೊತ್ತು ಇಳಿದು ಬಂತು. ಗೋಡೆಗೆ ಅಂಟಿಕೊಂಡು ಜಾಗ ಬಿಟ್ಟೆವು. ಹಸಿ ಚರ್ಮದ ವಾಸನೆ, ಸಗಣಿ, ಯಾರದೋ ಮನೆಯ ಬೇಳೆ ಒಗ್ಗರಣೆ, ಡೆಟಾಲಿನಂಥದ್ದು. ಎಲ್ಲ ಹೇಳುತ್ತಾ ಹೋದೆ. ಅಷ್ಟು ವಾಸನೆ ಇವೆ ಎಂದು ನನಗೂ ಅವತ್ತೇ ಗೊತ್ತಾದದ್ದು. ಭಟ್ಟರು ಒಂದೊಂದಕ್ಕೂ ಬಿಡಿಸಿ ಬಿಡಿಸಿ ಕೇಳುತ್ತಿದ್ದರು. ಬೇಳೆಗೆ ಇಂಗು ಉಂಟಾ? ತುಪ್ಪವಾ, ಎಣ್ಣೆಯಾ? ಊಟಕ್ಕೆ ಕೂತವರ ಹಾಗೆ ಕೇಳುತ್ತಿದ್ದರು.

ಗಂಟಲು ಕೆರೆಯುವ ಹೊಗೆ ಬಂದಾಗ ಇಬ್ಬರೂ ಒಟ್ಟಿಗೆ ಕೆಮ್ಮಿದೆವು. ಅಷ್ಟು ಮಾತ್ರ ಅವರಿಗೂ ಗೊತ್ತಾಯಿತು.

ಕಲಾಯಿ ಹಾಕುವವಳು ಐವತ್ತರ ಹೆಂಗಸು. ಗಂಡ ತೀರಿದ ಮೇಲೆ ತಾನೇ ಮಾಡುತ್ತಾಳೆ. ನೆಲದಲ್ಲಿ ಗುಂಡಿ, ಅದರಲ್ಲಿ ಇದ್ದಿಲು, ಪಕ್ಕದಲ್ಲಿ ಗಾಳಿ ಊದುವ ಸಣ್ಣ ಕರೆಂಟಿನ ಮಶೀನು. ಬಾಗಿಲ ಹತ್ತಿರ ಅವಳ ನಾದಿನಿ ಮೆಂತೆಪಲ್ಲೆ ಬಿಡಿಸುತ್ತಾ ಕೂತಿದ್ದಳು. ಕೊಪ್ಪರಿಗೆಯೊಳಗೆ ಮುಖ ಹಾಕಿ ಆ ಹೆಂಗಸು, "ಹೇ ಕೋಣೀ ಘಾಸಲಂ?" ಎಂದಳು. ಇದನ್ನು ಯಾರು ತಿಕ್ಕಿದ್ದು?

"ಮೀ" ಎಂದೆ. ನಾನು.

"ಲಗ್ನ ಆಗಿದೆಯಾ?"

"ಇಲ್ಲ."

"ಒಳ್ಳೇದಾಯ್ತು. ಹೆಂಡತಿಯ ಮುಖವನ್ನೂ ಹೀಗೇ ತಿಕ್ಕುತ್ತಿದ್ದೆ."

ನಾದಿನಿ ಬಿದ್ದು ಬಿದ್ದು ನಕ್ಕಳು. ಹೆಂಗಸು ಭಟ್ಟರನ್ನು ನೋಡಿ, ನೀವು ಅಡುಗೆಯವರಲ್ಲವೇ, ಕಿಲುಬಿನ ವಾಸನೆ ಬರಲಿಲ್ಲವೇ ಎಂದು ಕೇಳಿದಳು. ನಾನು ಭಟ್ಟರ ಕಡೆ ನೋಡಲಿಲ್ಲ.

"ಮಲಾ ವಾಸ್ ಯೇತ್ ನಾಹೀ" ಎಂದರು ಅವರು. ನನಗೆ ವಾಸನೆ ಬರುವುದಿಲ್ಲ. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಗುರುತಿಲ್ಲದ ಹೆಂಗಸಿಗೆ ಹೀಗೆ ಸರಳವಾಗಿ ಹೇಳಿಬಿಟ್ಟರು.

ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ನನಗೂ ಬರುವುದಿಲ್ಲ" ಎಂದಳು. ಪಾತ್ರೆ ಕಾದ ಮೇಲೆ ನವಸಾಗರದ ಪುಡಿ ಎರಚುತ್ತಾರೆ. ಬಿಳಿ ಹೊಗೆ ಏಳುತ್ತದೆ. ಗಂಡನ ಮೂಗೂ ಅದರಿಂದಲೇ ಹೋಗಿತ್ತಂತೆ. ಹೇಳುತ್ತಲೇ ಅವಳು ಕೊಪ್ಪರಿಗೆ ಕಾಯಿಸಿ, ಪುಡಿ ಎರಚಿ, ತವರದ ಕಡ್ಡಿ ತಾಗಿಸಿ, ಹತ್ತಿಯ ಮುದ್ದೆಯಿಂದ ಒರೆಸತೊಡಗಿದಳು. ಹಳದಿ ಒಳಮೈ ಮೇಲೆ ಬೆಳ್ಳಿ ಬಣ್ಣ ಹರಡಿತು.

"ವಹಿನೀ, ಕಾಪೂಸ ಜಳತೋಯ" ಎಂದಳು ನಾದಿನಿ, ಪಲ್ಲೆಯಿಂದ ತಲೆಯೆತ್ತದೆ. ಅತ್ತಿಗೆ, ಹತ್ತಿ ಸುಡುತ್ತಿದೆ.

ಹೆಂಗಸು ತಕ್ಷಣ ಪಾತ್ರೆಯನ್ನು ಬೆಂಕಿಯಿಂದ ಎತ್ತಿ ಹಿಡಿದು ತಿರುಗಿಸಿದಳು. ಮತ್ತೆ ಇಟ್ಟಳು. ಸ್ವಲ್ಪ ಹೊತ್ತಿಗೆ ನಾದಿನಿ ಮತ್ತೆ ಕೂಗಿದಳು, ಅವಳು ಮತ್ತೆ ಎತ್ತಿದಳು. ಇಬ್ಬರ ನಡುವೆ ಬೇರೆ ಮಾತಿಲ್ಲ. ಭಟ್ಟರು ಕಲಾಯಿ ನೋಡುವುದನ್ನು ಬಿಟ್ಟು ಅವರಿಬ್ಬರನ್ನೇ ನೋಡುತ್ತಿದ್ದರು.

ವಾಪಸ್ ಇಳಿಯುವಾಗ ಅವರು ಕೇಳಿದರು, "ಮಾಲಕರಿಗೆ ಹೇಳ್ತೀಯಾ?"

"ನಾ ಹೇಳಂಗಿಲ್ರಿ. ನೀವ ಹೇಳ್ರಿ."

"ಹೇಳದಿದ್ರೆ?"

"ಹೇಳದಿದ್ರ ನಾಳೆ ಮತ್ತ ಯಾರರ ಉಗುಳ್ತಾರ್ರಿ."

ಕೊಪ್ಪರಿಗೆಯನ್ನು ನಡುವೆ ಇಟ್ಟುಕೊಂಡು ರಿಕ್ಷಾದಲ್ಲಿ ಸಾತಪುರಕ್ಕೆ ಬಂದೆವು.

ಮರುದಿನ ಹತ್ತು ಗಂಟೆಗೆ ಮಾಲಕರು ಒಲೆಯ ಪಕ್ಕ ಕೈಕಟ್ಟಿ ನಿಂತರು. ಭಟ್ಟರು ಕೊಪ್ಪರಿಗೆಗೆ ಹುಣಸೆರಸ, ಟೊಮೆಟೊ, ಬೇಳೆಕಟ್ಟು ಎಲ್ಲ ಹಾಕಿದರು. ಪುಡಿ ಹಾಕಿದರು. ಕುದಿ ಬಂತು. ನಾನು ಗ್ರೈಂಡರಿನ ಹತ್ತಿರ ಉದ್ದಿನ ಹಿಟ್ಟು ತೋಡುತ್ತಿದ್ದೆ. ಭಟ್ಟರು ಹಬೆಯ ಮೇಲೆ ಕೈಯೆತ್ತಿದವರು ಅಲ್ಲೇ ನಿಲ್ಲಿಸಿದರು. ಗ್ಯಾಸ್ ಆರಿಸಿದರು.

"ನಂಗೆ ವಾಸನೆ ಬರುದಿಲ್ಲ" ಎಂದರು. "ಜ್ವರ ಬಂದಾಗಿಂದ."

ಅಡುಗೆಮನೆಯಲ್ಲಿ ಇದ್ದವರೆಲ್ಲ ಕೈ ನಿಲ್ಲಿಸಿದರು. ಮಾಲಕರು ಮೊದಲು ತಮಾಷೆ ಅಂದುಕೊಂಡರು. ಆಮೇಲೆ ಅವರ ಮುಖ ಕೆಂಪಾಯಿತು.

"ಇಷ್ಟು ವರ್ಷ? ನನ್ನ ಗಿರಾಕಿಗಳಿಗೆ ಇಷ್ಟು ವರ್ಷ ಅಂದಾಜಲ್ಲಿ ಮಾಡಿ ಹಾಕಿದ್ರಾ?"

"ಹೌದು. ಮೊನ್ನೆ ಬಿಟ್ಟು ಯಾರಾದ್ರೂ ಏನಾದ್ರೂ ಹೇಳಿದ್ರಾ?"

"ಮೊನ್ನೇದೇ ಸಾಲದಾ? ರುಚಿ ನೋಡಿ ಮಾಡ್ಬಹುದಿತ್ತಲ್ಲ! ದೇವರ ಹತ್ರ ತಪ್ಪಾಯ್ತು ಅಂತ ನಾನು ಹೇಳ್ತಿದ್ದೆ!"

"ನಾಲಿಗೆಯೂ ಸರಿ ಇಲ್ಲ" ಎಂದರು ಭಟ್ಟರು. ಆಮೇಲೆ ನನ್ನ ಕಡೆ ಕೈ ತೋರಿಸಿದರು. "ಇವನ ಮೂಗು ಚೆನ್ನಾಗುಂಟು. ನಿನ್ನೆ ಹಳೇ ನಾಸಿಕ್ ಪೂರಾ ಇವನ ಮೂಗಲ್ಲೇ ನಡೆದೆ. ಇವ ಹತ್ರ ನಿಂತ್ರೆ ನಾನು ಮಾಡ್ತೇನೆ. ಬೇಡ ಅಂದ್ರೆ ಇವತ್ತೇ ಪೆಟ್ಟಿಗೆ ಕಟ್ತೇನೆ."

"ಇವನಾ? ಕಲಾಯಿ ತಿಕ್ಕಿ ತೆಗೆದ ಕತ್ತೆಯಾ?"

"ನಾನ ರೀ" ಎಂದೆ. ಕೈಯೆಲ್ಲ ಹಿಟ್ಟಾಗಿತ್ತು.

ಮಾಲಕರು ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿದರು. ಹೊರಗೆ ಬೈಕುಗಳು ನಿಲ್ಲುವ ಸದ್ದು ಶುರುವಾಗಿತ್ತು. ಅವರು ಗಡಿಯಾರ ನೋಡಿದರು.

"ದೀಪಾವಳಿವರೆಗೆ ನೋಡುವ" ಎಂದರು. "ಒಂದು ವಾಟಿ ಸಾರು ವಾಪಸ್ ಬಂದ್ರೂ ಇಬ್ರಿಗೂ ಒಂದೇ ಬಸ್ಸು." ಹಣ ತೆಗೆದುಕೊಳ್ಳುವ ಗಲ್ಲೆಗೆ ಹೋದರು.

ಭಟ್ಟರು ಗ್ಯಾಸ್ ಹಚ್ಚಿದರು. ನಾನು ಕೈ ತೊಳೆದು ಒಲೆಯ ಹತ್ತಿರ ಹೋದೆ. ಆರು ವರ್ಷದಲ್ಲಿ ಆ ಒಲೆಯ ಅಷ್ಟು ಹತ್ತಿರ ನಿಂತಿರಲಿಲ್ಲ. ಸಾರು ಮತ್ತೆ ಕುದಿಗೆ ಬಂತು. ಬಗ್ಗಿದೆ. ಹಬೆ ಮುಖಕ್ಕೆ ಹೊಡೆಯಿತು.

"ಹೇಳು" ಎಂದರು.

"ಛಲೋ ಐತ್ರಿ."

"ಛಲೋ ಅಂದ್ರೆ ನಂಗೆ ಎಂತ ಗೊತ್ತಾಗ್ಬೇಕು? ನಿನ್ನೆ ಗಲ್ಲಿಯಲ್ಲಿ ಹೇಳಿದ ಹಾಗೆ ಹೇಳು. ಪುಡಿಯ ಹಸಿ ವಾಸನೆ ಉಂಟಾ?"

ಮತ್ತೆ ಬಗ್ಗಿದೆ. ಕಣ್ಣು ಮುಚ್ಚಿದೆ. ಟೊಮೆಟೊ ಇತ್ತು, ಹುಳಿ ಇತ್ತು, ಅದರ ಕೆಳಗೆ ಕೊತ್ತಂಬರಿ ಬೀಜದ ಧೂಳಿನಂಥ ವಾಸನೆ ಇನ್ನೂ ಇತ್ತು.

"ಐತ್ರಿ. ಸ್ವಲ್ಪ."

"ಇನ್ನೆರಡು ಕುದಿ."

ಇಬ್ಬರೂ ನಿಂತೆವು. ಒಂದು ಕುದಿ ಮೇಲೆದ್ದು ಇಳಿಯಿತು. ಇನ್ನೊಂದು ಎದ್ದಿತು. ಭಟ್ಟರು ಸಾರನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು.

"ಹೋತ್ರಿ" ಎಂದೆ.

"ಖಂಡಿತ?"

"ಖಂಡಿತರಿ. ಇಳಸ್ರಿ."

ಅವರು ಒಂದು ಹಿಡಿಕೆ ಹಿಡಿದರು. ಇನ್ನೊಂದು ನಾನು ಹಿಡಿದೆ.